ಇಂದಿನ ಧಮ್ಮ ಚಿಂತನೆ: ಪಟ್ಟು ಹಿಡಿಯುವುದು, ಪಟ್ಟು ಬಿಡುವುದು



ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಎದ್ದ ಒಂದು ಪ್ರಶ್ನೆಗೆ ಉತ್ತರ ಬರೆಯುವ ಸರದಿ ನನ್ನದು ಎಂದು ಬಳಗದವರು ತೀರ್ಮಾನಿಸಿದ್ದಾರೆ. ಕೇಳಿದವರು ನಮ್ಮ ಹಿರಿಯ ಉಪಾಸಕರು. ವಿಹಾರದ ಹಿಂದಿನ ಹಾಲ್‌ನಲ್ಲಿ ಎರಡು ತಿಂಗಳಿಂದ ನಾನು ಮಕ್ಕಳಿಗೂ ಹೆಂಗಸರಿಗೂ ಜಿಯು-ಜಿತ್ಸು ಹೇಳಿಕೊಡುತ್ತಿರುವುದು ನಿಮಗೆ ಗೊತ್ತು. ಅವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು, "ಅಲ್ಲ ಕಣವ್ವಾ ಟೀಚರಮ್ಮ, ಅಲ್ಲಿ ಕೈಮುಗಿದು ಮೊದಲನೇ ಶೀಲ ತಗೋತೀರಿ, ಇಲ್ಲಿ ಬಂದು ಕತ್ತು ಹಿಸುಕೋದು ಕಲಿಸ್ತೀರಿ. ಇದ್ಯಾವ ಧಮ್ಮ?" ಎಂದರು.

"ಮಕ್ಕಳು ಕಾಯ್ತಾ ಅವ್ರೆ ಅಣ್ಣ, ಆಮೇಲೆ ಹೇಳ್ತೀನಿ" ಎಂದು ಜಾರಿಕೊಂಡೆ. ಪ್ರಶ್ನೆ ಮಾತ್ರ ಜಾರಲಿಲ್ಲ. ಈ ವಾರ ನಾವು ಓದಬೇಕಿದ್ದದ್ದು ಸಂಯುತ್ತ ನಿಕಾಯದ ಸೇದಕ ಸುತ್ತ. ಅದನ್ನು ಎರಡು ಸಲ ಓದಿದ ಮೇಲೆ, ಅಣ್ಣನವರ ಪ್ರಶ್ನೆಗೆ ಹತ್ತಿರದ ಮಾತು ಅಲ್ಲೇ ಇದೆ ಅನ್ನಿಸಿತು. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಉದ್ದವಾಗಿದೆ, ಕ್ಷಮಿಸಿ. ಬೆಳಿಗ್ಗೆ ಬಸ್ಸಿನಲ್ಲಿ ಓದುವವರು ಅರ್ಧಕ್ಕೆ ನಿಲ್ಲಿಸಿ ಸಂಜೆ ಮುಗಿಸಬಹುದು.

ಮೊದಲು ಸುತ್ತದ ಕಥೆ. ಭಗವಾನ್ ಬುದ್ಧರು ಸುಂಭರ ನಾಡಿನ ಸೇದಕ ಎಂಬ ಊರಿನಲ್ಲಿದ್ದಾಗ ಭಿಕ್ಖುಗಳಿಗೆ ಹೇಳಿದ್ದು. ಒಬ್ಬ ಬಿದಿರ ಗಳದ ಆಟದವನು ಗಳ ನಿಲ್ಲಿಸಿ, ಮೇದಕಥಾಲಿಕಾ ಎಂಬ ಶಿಷ್ಯನನ್ನು ಕರೆದು, ಗಳ ಹತ್ತಿ ನನ್ನ ಹೆಗಲ ಮೇಲೆ ನಿಲ್ಲು ಎನ್ನುತ್ತಾನೆ. ಶಿಷ್ಯ ಹತ್ತಿ ನಿಲ್ಲುತ್ತಾನೆ. ಆಗ ಗುರು ಹೇಳುತ್ತಾನೆ: ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ, ಹೀಗೆ ಒಬ್ಬರನ್ನೊಬ್ಬರು ಕಾಯ್ದುಕೊಂಡು ಆಟ ತೋರಿಸಿ, ದುಡ್ಡು ಸಂಪಾದಿಸಿ, ಕ್ಷೇಮವಾಗಿ ಕೆಳಗೆ ಇಳಿಯೋಣ. ಶಿಷ್ಯ ಒಪ್ಪುವುದಿಲ್ಲ. ಹಾಗಾಗದು ಗುರುಗಳೇ, ನೀವು ನಿಮ್ಮನ್ನು ನೋಡಿಕೊಳ್ಳಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ, ಆಗಲೇ ಇಬ್ಬರೂ ಕ್ಷೇಮವಾಗಿ ಇಳಿಯುವುದು ಎನ್ನುತ್ತಾನೆ. ಬುದ್ಧರು ಇಲ್ಲಿ ಶಿಷ್ಯನ ಮಾತನ್ನೇ ಸರಿ ಎನ್ನುತ್ತಾರೆ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ತನ್ನನ್ನು ಕಾಯ್ದುಕೊಳ್ಳುವವನು ಇತರರನ್ನೂ ಕಾಯುತ್ತಾನೆ, ಇತರರನ್ನು ಕಾಯುವವನು ತನ್ನನ್ನೂ ಕಾಯ್ದುಕೊಳ್ಳುತ್ತಾನೆ ಎಂದು ಎರಡನ್ನೂ ಹೆಣೆಯುತ್ತಾರೆ. ಮೊದಲನೆಯದು ಆಗುವುದು ಅಭ್ಯಾಸದಿಂದ. ಎರಡನೆಯದು ಆಗುವುದು ತಾಳ್ಮೆಯಿಂದ, ಹಿಂಸೆ ಮಾಡದಿರುವುದರಿಂದ, ಮೈತ್ರಿಯಿಂದ, ಕನಿಕರದಿಂದ.

ಕನ್ನಡ ಎಂ.ಎ. ಮಾಡಿದವಳಾದ್ದರಿಂದ ಪದಗಳ ಮೇಲೆ ನನಗೆ ಸ್ವಲ್ಪ ಹುಚ್ಚು. ಇಲ್ಲಿ ಆಟದವನಿಗೆ ಪಾಲಿಯಲ್ಲಿರುವ ಪದ 'ಚಂಡಾಲವಂಸಿಕೋ'. 'ವಂಸ' ಅಂದರೆ ಬಿದಿರು. ಅನುವಾದಗಳಲ್ಲಿ 'ಕಸರತ್ತಿನವನು' ಅಂತಲೋ 'ಬಿದಿರಿನ ಆಟಗಾರ' ಅಂತಲೋ ಇರುತ್ತದೆ, ಮುಂದಿನ ಅರ್ಧ ಪದ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ದೊಂಬರಾಟದವನು. ಸಂತೆ ಬೀದಿಯಲ್ಲಿ ಗಳ ನೆಟ್ಟು, ಹಗ್ಗ ಕಟ್ಟಿ, ಏಳೆಂಟು ವರ್ಷದ ಮಗುವನ್ನು ಮೇಲೆ ಹತ್ತಿಸಿ ಡೋಲು ಬಾರಿಸುತ್ತಿದ್ದವರನ್ನು ನೀವೂ ನೋಡಿದ್ದೀರಿ. ಸ್ಮೃತಿಯ ವಿಷಯ ಹೇಳಲು ಬುದ್ಧರಿಗೆ ಬೇಕಾದ ಉದಾಹರಣೆ ಸಿಕ್ಕಿದ್ದು ಅಲ್ಲಿ, ಮೈಯನ್ನೇ ಬಂಡವಾಳ ಮಾಡಿಕೊಂಡ ಇಬ್ಬರ ನಡುವಿನ ಜಗಳದಲ್ಲಿ.

ನನಗೀಗ 46. ಮ್ಯಾಟ್ ಮೇಲೆ ಮೊದಲು ಕಾಲಿಟ್ಟಾಗ 38. ಸೇರಿದ್ದು ನನಗಾಗಿ ಅಲ್ಲ, ಎಂಟನೇ ತರಗತಿಯಲ್ಲಿದ್ದ ಮಗಳಿಗಾಗಿ. ಕರಾಟೆ ಕ್ಲಾಸು ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಇದು. ಮಗಳು ನಾಲ್ಕು ತಿಂಗಳಿಗೆ ಬಿಟ್ಟಳು, ನಾನು ಉಳಿದೆ. ಯಾಕೆ ಉಳಿದೆ ಎಂಬುದನ್ನು ಹೇಳಲು ನಾನು ಓದಿದ ಪ್ರಾಥಮಿಕ ಶಾಲೆಗೆ ಹೋಗಬೇಕು. ಅಲ್ಲಿ ಮೇಷ್ಟ್ರು ನಮ್ಮ ಬೀದಿಯ ಮಕ್ಕಳ ಸ್ಲೇಟನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. "ಕೆಳಗಿಡು" ಎನ್ನುತ್ತಿದ್ದರು. ಬಗ್ಗಿ ನೋಡಿ, ಬಳಪದ ತುದಿಯಿಂದ ದೂರದಲ್ಲೇ ಗೀರುತ್ತಿದ್ದರು. ತಪ್ಪು ಮಾಡಿದ ಬೇರೆ ಮಕ್ಕಳ ಕಿವಿ ಹಿಂಡುತ್ತಿದ್ದರು, ನಮಗೆ ಉದ್ದನೆಯ ಹುಣಸೆ ಬರಲು. ಕಿವಿ ಹಿಂಡಿಸಿಕೊಳ್ಳದ್ದು ನಮ್ಮ ಅದೃಷ್ಟ ಅಂತಲೇ ನಾನು ಐದನೇ ಕ್ಲಾಸಿನ ತನಕ ಅಂದುಕೊಂಡಿದ್ದೆ.

ಇಂಥವಳು 38ನೇ ವಯಸ್ಸಿನಲ್ಲಿ ಹೋಗಿ ನಿಂತದ್ದು ಮುಟ್ಟದೆ ಒಂದು ನಿಮಿಷವೂ ನಡೆಯದ ವಿದ್ಯೆಯೊಳಗೆ. ಇಲ್ಲಿ ಒದೆಯುವುದಿಲ್ಲ, ಗುದ್ದುವುದಿಲ್ಲ. ಎದುರಾಳಿಯ ಕಾಲರ್ ಹಿಡಿಯಬೇಕು, ಎದೆಗೆ ಎದೆ ಒತ್ತಬೇಕು, ಅವರ ಬೆವರು ನಿಮ್ಮ ಕಣ್ಣಿಗೆ ಇಳಿಯುತ್ತದೆ. ಮೊದಲ ದಿನ ನನಗೆ ಜೊತೆಯಾದ ಹುಡುಗಿ ಯಾರ ಮನೆಯವಳೋ, ಕೇಳಲಿಲ್ಲ, ಹೇಳಲಿಲ್ಲ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಮ್ಯಾಟ್ ಒರೆಸಿದರು. ಇಂಜಿನಿಯರ್, ಕಾಲೇಜು ಹುಡುಗ, ಕೋಚ್ ಎಲ್ಲ. ನೆಲ ಒರೆಸುವ ಕೆಲಸಕ್ಕೆ ಅಲ್ಲಿ ಬೇರೆ ಜನ ಇರಲಿಲ್ಲ. ಮನೆಗೆ ಬಂದು ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆನೋ.

ನಮ್ಮ ಮೈಸೂರು ಗರಡಿ ಮನೆಗಳ ಊರು, ಕುಸ್ತಿ ಇಲ್ಲಿ ಹೊಸದಲ್ಲ. ನಮ್ಮಪ್ಪನಿಗೆ ದಸರಾ ಕುಸ್ತಿ ಎಂದರೆ ಪ್ರಾಣ. ಪಟ್ಟುಗಳ ಹೆಸರನ್ನೆಲ್ಲ ಬಲ್ಲವರು. ಆದರೆ ಅವರ ಕಾಲದಲ್ಲಿ ನಮ್ಮೂರ ಗರಡಿಯ ಕೆಮ್ಮಣ್ಣನ್ನು ಅವರು ತುಳಿಯುವ ಹಾಗಿರಲಿಲ್ಲ, ಕಿಟಕಿಯಲ್ಲಿ ನಿಂತು ಕಲಿತದ್ದಷ್ಟೇ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ, ತಲೆಯಲ್ಲಿ ಮೊದಲ ರಕ್ತ ಕಂಡೊಡನೆ ಮುಗಿಯುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡದ್ದೂ ವಿಜಯದಶಮಿಯಂದೇ, ಅಶೋಕ ವಿಜಯದಶಮಿ. ಪ್ರತಿ ವರ್ಷ ಆ ದಿನ ಟಿವಿಯಲ್ಲಿ ಒಂದನ್ನು ನೋಡಿ ವಿಹಾರಕ್ಕೆ ಇನ್ನೊಂದಕ್ಕೆ ಹೊರಡುವಾಗ ನನಗೆ ಅಪ್ಪ ನಿಂತಿದ್ದ ಕಿಟಕಿ ನೆನಪಾಗುತ್ತದೆ.

ಈ ವಿದ್ಯೆ ಎಲ್ಲಿಂದ ಬಂತು ಎಂದು ಬಳಗದ ಹುಡುಗರು ಕೇಳಿದ್ದರು. ಚಿಕ್ಕದಾಗಿ ಹೇಳುತ್ತೇನೆ. ಜಪಾನಿನ ಹಳೆಯ ಯೋಧರ ಕಾಳಗದ ವಿದ್ಯೆಗೆ ಜುಜುತ್ಸು ಎಂದು ಹೆಸರು. 'ಜು' ಅಂದರೆ ಮೃದು, ಬಾಗುವುದು. 1860ರಲ್ಲಿ ಹುಟ್ಟಿದ ಜಿಗೊರೊ ಕಾನೊ ಎಂಬ ಸಣಕಲು ಹುಡುಗ ಶಾಲೆಯಲ್ಲಿ ದೊಡ್ಡ ಹುಡುಗರಿಂದ ಏಟು ತಿಂದು ತಿಂದು ಸಾಕಾಗಿ ಇದನ್ನು ಕಲಿತ. ಮುಂದೆ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಇಬ್ಬರು ಪೂರ್ತಿ ಶಕ್ತಿ ಹಾಕಿ ಸೆಣಸಿದರೂ ಇಬ್ಬರೂ ಮನೆಗೆ ನಡೆದುಕೊಂಡು ಹೋಗುವಂಥ ಅಭ್ಯಾಸಕ್ರಮ ಕಟ್ಟಿದ. ಅದೇ ಜೂಡೋ. 1882ರಲ್ಲಿ ಅವನು ತನ್ನ ಶಾಲೆ ತೆರೆದದ್ದು ಟೋಕಿಯೊದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ, 12 ಚಾಪೆಯ ಜಾಗದಲ್ಲಿ, 9 ಜನ ಶಿಷ್ಯರೊಂದಿಗೆ. (ಅಣ್ಣನವರು ಗಮನಿಸಬೇಕು!) ಕಾನೊ ವೃತ್ತಿಯಿಂದ ನಮ್ಮ ಹಾಗೆ ಮೇಷ್ಟರು. ಟೋಕಿಯೊದಲ್ಲಿ ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿನ ಮುಖ್ಯಸ್ಥರಾಗಿ 20 ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಅವರು ಇಟ್ಟುಕೊಂಡ ಎರಡು ಸೂತ್ರಗಳಲ್ಲಿ ಒಂದು, ಇರುವ ಶಕ್ತಿಯನ್ನು ಸರಿಯಾದ ಕಡೆ ಬಳಸುವುದು. ಇನ್ನೊಂದು, ನಾನೂ ನೀನೂ ಒಟ್ಟಿಗೆ ಏಳಿಗೆಯಾಗುವುದು. ಅವರ ಶಾಲೆಯ ಮಿತ್ಸುಯೊ ಮಾಎದಾ 1914ರಲ್ಲಿ ಬ್ರೆಜಿಲ್ ತಲುಪಿದರು. ಬೆಲೆಂ ಪಟ್ಟಣದಲ್ಲಿ ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ, ಅವನ ತಮ್ಮಂದಿರು ನೆಲದ ಮೇಲಿನ ಪಟ್ಟುಗಳನ್ನೇ ಬೆಳೆಸಿದರು. ನಾವು ಈಗ ಮಾಡುವುದು ಆ ಬ್ರೆಜಿಲಿನ ಕವಲು.

ಬೌದ್ಧ ದೇಶ ಎಂದು ಜಪಾನನ್ನು ತಲೆ ಮೇಲೆ ಹೊರುವುದು ಬೇಡ. ಕಾನೊ ಅನುಕೂಲಸ್ಥ ಮನೆತನದ ಮಗ. ಅದೇ ಜಪಾನಿನಲ್ಲಿ ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುವ ಬುರಾಕು ಜನರನ್ನು ಊರ ಹೊರಗಿಟ್ಟಿದ್ದರು. ಸತ್ತ ಮೇಲೆ ಅವರಿಗೆ ಕೀಳು ಹೆಸರು ಕೊಟ್ಟ ಬೌದ್ಧ ದೇವಾಲಯಗಳೂ ಇದ್ದವು. ಆ ಜನರೇ 1922ರಲ್ಲಿ ಕ್ಯೋಟೊದಲ್ಲಿ ಸುಯಿಹೇಶಾ ಎಂಬ ಸಮಾನತೆಯ ಸಂಘ ಕಟ್ಟಿದರು. ಬುದ್ಧನ ವಿಗ್ರಹ ಇದ್ದ ಮಾತ್ರಕ್ಕೆ ಬುದ್ಧನ ಸಮತೆ ಬರುವುದಿಲ್ಲ ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ನನಗೆ ಹೆಚ್ಚು ಹತ್ತಿರವಾದವರು ಎಡಿತ್ ಗ್ಯಾರಡ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು. 1872ರಲ್ಲಿ ಹುಟ್ಟಿದವರು. ಐದಡಿಗೆ ಒಂದಿಂಚು ಕಡಿಮೆ, ನನಗಿಂತಲೂ ಕುಳ್ಳಿ. ಲಂಡನ್ನಿನಲ್ಲಿ ಸದಕಾಜು ಉಯೆನಿಶಿ ಎಂಬ ಜಪಾನಿ ಗುರುವಿನ ಬಳಿ ಗಂಡನ ಜೊತೆ ಜಿಯು-ಜಿತ್ಸು ಕಲಿತರು. 1908ರಲ್ಲಿ ಗುರು ದೇಶ ಬಿಟ್ಟು ಹೋದಾಗ ಶಾಲೆ ಗಂಡನ ಕೈಗೆ ಬಂತು, ಹೆಂಗಸರ ಮತ್ತು ಮಕ್ಕಳ ತರಗತಿ ಇವರ ಪಾಲಿಗೆ. ಆ ಕಾಲದಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೇಳಿ ಬೀದಿಗಿಳಿದವರನ್ನು ಪೊಲೀಸರು ಎಳೆದಾಡುತ್ತಿದ್ದರು. 1910ರ ನವೆಂಬರ್ 18ರಂದು ಪಾರ್ಲಿಮೆಂಟಿನ ಮುಂದೆ ಗಂಟೆಗಟ್ಟಲೆ ನಡೆದ ಹೊಡೆತ, ಮೈಮೇಲಿನ ದೌರ್ಜನ್ಯಕ್ಕೆ ಕರಾಳ ಶುಕ್ರವಾರ ಎಂದೇ ಹೆಸರಾಯಿತು. 1913ರಲ್ಲಿ ಇನ್ನೊಂದು ಕಾಯ್ದೆ ಬಂತು. ಜೈಲಿನಲ್ಲಿ ಉಪವಾಸ ಕೂತ ಹೆಂಗಸು ಸಾಯುವ ಸ್ಥಿತಿಗೆ ಬಂದರೆ ಬಿಡುವುದು, ಚೇತರಿಸಿಕೊಂಡೊಡನೆ ಮತ್ತೆ ಹಿಡಿಯುವುದು. ಜನ ಅದನ್ನು ಬೆಕ್ಕು-ಇಲಿ ಕಾಯ್ದೆ ಎಂದರು. ಹೋರಾಟದ ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರನ್ನು ಮತ್ತೆ ಹಿಡಿಯದಂತೆ ಕಾಯಲು ಸುಮಾರು 30 ಹೆಂಗಸರ ಪಡೆ ನಿಂತಿತು. ಅವರನ್ನು ಗುಟ್ಟಾಗಿ ತಯಾರು ಮಾಡಿದವರು ಎಡಿತ್. ಅವರು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡಿದ್ದ ಮರದ ಗದೆಗಳನ್ನು ಅಲ್ಲಿ ಇಂಡಿಯನ್ ಕ್ಲಬ್ ಎನ್ನುತ್ತಿದ್ದರು. ನಮ್ಮ ದೇಶದ ಗರಡಿಗಳಲ್ಲಿ ಬೀಸುವುದನ್ನು ನೋಡಿ ಬ್ರಿಟಿಷರು ವ್ಯಾಯಾಮಕ್ಕೆ ಒಯ್ದದ್ದು!

1918ರಲ್ಲಿ ಅಲ್ಲಿ 30 ದಾಟಿದ ಹೆಂಗಸರಲ್ಲಿ ಕೆಲವರಿಗೆ ಮತದ ಹಕ್ಕು ಬಂತು. ಮರುವರ್ಷವೇ, 1919ರಲ್ಲಿ, ಬಾಬಾಸಾಹೇಬರು ಸೌತ್‌ಬರೊ ಸಮಿತಿಯ ಮುಂದೆ ಹೇಳಿಕೆ ಕೊಟ್ಟು ಅಸ್ಪೃಶ್ಯರಿಗೆ ಮತದ ಹಕ್ಕು ಕೇಳಿದರು. ಎರಡು ಹೋರಾಟಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಎಡಿತ್ ಕಲಿಸಿದವರಲ್ಲಿ ಬಹಳ ಮಂದಿ ಉಳ್ಳವರ ಮನೆಯವರು. ಆದರೂ ಮಕ್ಕಳ ಕ್ಲಾಸು ಮುಗಿಸಿ, ಅದೇ ಚಾಪೆಯ ಮೇಲೆ ದೊಡ್ಡವರನ್ನು ನಿಲ್ಲಿಸಿ, ನಾಳೆ ನಿಮ್ಮನ್ನು ಎತ್ತಿ ಎಸೆದರೆ ಹೇಗೆ ಬೀಳಬೇಕು ಎಂದು ಹೇಳಿಕೊಡುವ ಕುಳ್ಳ ಮೇಡಂ ಒಬ್ಬರನ್ನು ನೆನೆದರೆ ನನಗೆ ಧೈರ್ಯ ಬರುತ್ತದೆ.

ಇನ್ನು ಹೇಳಲೇಬೇಕಾದ, ಹೇಳಲು ಮನಸ್ಸಿಲ್ಲದ ಭಾಗ. ನಾನು ಬೋಧಕಿಯಾದದ್ದು ಬಡ್ತಿಯಿಂದ ಎಂದು ನಿಮ್ಮಲ್ಲಿ ಹಲವರು ತಿಳಿದಿದ್ದೀರಿ. ಅದು ಸುಳ್ಳು.

ಆಗ ನನ್ನದು ನೀಲಿ ಬೆಲ್ಟ್. ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ಐದು ಮೆಟ್ಟಿಲು. ಕಪ್ಪಿಗೆ ಸುಮಾರು ಹತ್ತು ವರ್ಷ ಬೇಕು. ನಾನು ಸೇರಿ ಐದನೇ ವರ್ಷ. ಹೊಸದಾಗಿ ಬಂದಿದ್ದ ಮೂವತ್ತೈದರ ಆಸುಪಾಸಿನ ಒಬ್ಬರು ನನಗೆ ಜೊತೆಯಾದರು. ಒಳ್ಳೆಯ ಮಾತುಗಾರ. ಬೆಲ್ಟ್ ಕಟ್ಟಿಕೊಳ್ಳುತ್ತಾ, "ಮೇಡಂ, ನಿಮ್ಮದು ಯಾವೂರು?" ಎಂದರು. ಹೇಳಿದೆ. "ಅಲ್ಲ, ನೀವು ಯಾವ ಪೈಕಿ?" ಎಂದರು. "ನಾವು ಬೌದ್ಧರು" ಎಂದೆ. "ಓ... ಹಾಗಾ" ಎಂದು ನಕ್ಕರು. ಆ 'ಓ' ಎಂಥದ್ದು ಎಂದು ಈ ಗುಂಪಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಐದು ನಿಮಿಷದ ಸೆಣಸಾಟ. ಎರಡನೇ ನಿಮಿಷಕ್ಕೆ ಅವರ ಬಲಗೈ ನನ್ನ ತೊಡೆಗಳ ನಡುವೆ ಸಿಕ್ಕಿತು. ಆರ್ಮ್‌ಬಾರ್ ಎನ್ನುವ ಪಟ್ಟು. ಸೊಂಟ ಸ್ವಲ್ಪ ಎತ್ತಿದರೆ ಎದುರಾಳಿಯ ಮೊಣಕೈ ಹಿಂದಕ್ಕೆ ಬಾಗುತ್ತದೆ. ನೋವು ಶುರುವಾಗುವ ಮೊದಲೇ ಅವರು ಕೈಯಿಂದ ತಟ್ಟುತ್ತಾರೆ, ಅದೇ ಟ್ಯಾಪ್. ತಟ್ಟಿದ ಕ್ಷಣ ಬಿಡಬೇಕು. ಈ ವಿದ್ಯೆಯಲ್ಲಿ ಮುರಿಯಬಾರದ ನಿಯಮ ಇರುವುದು ಇದೊಂದೇ. ಅವರು ನನ್ನ ಕಾಲಿನ ಮೇಲೆ ಎರಡು ಸಲ ತಟ್ಟಿದರು. ನನಗೆ ಗೊತ್ತಾಯಿತು. ಗೊತ್ತಾಗಿಯೂ ಒಂದು ಉಸಿರಿನಷ್ಟು ಹೊತ್ತು ಬಿಡಲಿಲ್ಲ. ಮೊಣಕೈಯಲ್ಲಿ ಲಟಕ್ಕನೆ ಸದ್ದಾಯಿತು.

ಮೂಳೆ ಮುರಿದಿರಲಿಲ್ಲ, ಆದರೆ ಮೂರು ವಾರ ಕೈಗೆ ಜೋಲಿ. ಎಲ್ಲರೂ ಆಕಸ್ಮಿಕ ಎಂದರು, ಅವರೂ ಹಾಗೇ ಅಂದುಕೊಂಡರು. ನಾಲ್ಕು ರಾತ್ರಿ ನನಗೆ ಆ ಸದ್ದು ಕೇಳಿಸುತ್ತಿತ್ತು. ಒಳಗಿನಿಂದ ಒಂದು ದನಿ, ಅವನಿಗೆ ಆಗಬೇಕಾದ್ದೇ, ನಿನ್ನ ಸ್ಲೇಟು ಕೆಳಗಿಡಿಸಿದವರ ಕೈ ಅದು ಎನ್ನುತ್ತಿತ್ತು. ಸತ್ಯವಾಗಿ ಹೇಳುತ್ತೇನೆ, ಆ ದನಿ ಹಿತವಾಗಿಯೇ ಇತ್ತು. ಭಯ ಹುಟ್ಟಿದ್ದು ಅದಕ್ಕೇ. ಐದನೇ ದಿನ ಕೋಚ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನನಗಿಂತ ಹನ್ನೆರಡು ವರ್ಷ ಚಿಕ್ಕ ಹುಡುಗ ಆತ. ಬೈಯಲಿಲ್ಲ. "ಮೇಡಂ, ಒಂದು ತಿಂಗಳು ದೊಡ್ಡವರ ಜೊತೆ ನಿಮಗೆ ಅಭ್ಯಾಸ ಇಲ್ಲ. ಮಕ್ಕಳ ಬ್ಯಾಚಿಗೆ ಬನ್ನಿ. ಟ್ಯಾಪ್ ಮಾಡಿದ್ರೆ ಬಿಡೋದು ಹೇಗೆ ಅಂತ ಅವಕ್ಕೆ ಹೇಳಿಕೊಡಿ" ಎಂದ. ನಾನು ಬೋಧಕಿಯಾದದ್ದು ಹೀಗೆ, ಶಿಕ್ಷೆಯಾಗಿ.

ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಹದಿನಾಲ್ಕು ಮಕ್ಕಳು ಯಾವ ಲೆಕ್ಕ ಎಂದುಕೊಂಡೆ. ಮೊದಲ ದಿನವೇ ಸೋತೆ. ತರಗತಿಯಲ್ಲಿ ಮೇಜು, ಬೋರ್ಡು, ಪುಸ್ತಕ ನಡುವೆ ಇರುತ್ತವೆ. ಇಲ್ಲಿ ನಡುವೆ ಏನೂ ಇಲ್ಲ. 'ಎಡಗೈಯಿಂದ ತೋಳು ಹಿಡಿ, ಸೊಂಟ ಹೊರಗೆ ತೆಗೆ, ಮೊಣಕಾಲು ಒಳಗೆ ತಾ' ಎಂದು ನಾನು ಶುದ್ಧ ಕನ್ನಡದಲ್ಲಿ ಮೂರು ವಾಕ್ಯ ಹೇಳುವಷ್ಟರಲ್ಲಿ ಇಬ್ಬರು ಗೋಡೆ ಹತ್ತುತ್ತಿದ್ದರು. ಕೋಚ್ ಬಂದು "ಸೀಗಡಿ!" ಎಂದು ಕೂಗಿದ. ಹದಿನಾಲ್ಕೂ ಮಕ್ಕಳು ಅಂಗಾತ ಬಿದ್ದು ಸೊಂಟ ಬಾಗಿಸಿ ಹಿಂದಕ್ಕೆ ಸರಿಯತೊಡಗಿದವು. ಯಾರಾದರೂ ಮೇಲೆ ಕೂತರೆ ತಪ್ಪಿಸಿಕೊಳ್ಳುವ ಮೂಲಚಲನೆ ಅದೇ. ಒಂದು ಪದ, ಒಂದು ಆಟ. ವ್ಯಾಕರಣ ಆಮೇಲೆ.

ಈಗ ನಮ್ಮ ವಿಹಾರದ ಕ್ಲಾಸಿನಲ್ಲೂ ಮೊದಲ ಮೂರು ವಾರ ಹೇಳಿಕೊಡುವುದು ಬೀಳುವುದನ್ನು. ಗಲ್ಲ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಅಂಗೈಯಿಂದ ನೆಲ ಬಡಿದು ಬೀಳುವುದು. ತಲೆ ನೆಲಕ್ಕೆ ಬಡಿಯಬಾರದು, ಅಷ್ಟೇ. ಅದಾದ ಮೇಲೆ ಟ್ಯಾಪ್. ಇಬ್ಬಿಬ್ಬರನ್ನು ಕೂರಿಸಿ ಬರೀ ಮಣಿಕಟ್ಟು ಹಿಡಿಸುತ್ತೇನೆ. ಒಬ್ಬರು ತಟ್ಟಬೇಕು, ಇನ್ನೊಬ್ಬರು ಬಿಡಬೇಕು. ಹತ್ತು ನಿಮಿಷ ಇದೇ. ಮೊದಲು ನಗುತ್ತವೆ. ಆಮೇಲೆ, ತಟ್ಟಿದರೆ ನಿಜವಾಗಿಯೂ ಬಿಡುತ್ತಾರೆ ಎಂದು ಗೊತ್ತಾಗುತ್ತದೆ. ನಮ್ಮ ಓಣಿಯ ಒಂದು ಹೆಣ್ಣುಮಗು, ಆರನೇ ತರಗತಿ, ಯಾರಾದರೂ ಹತ್ತಿರ ಬಂದರೆ ಸಾಕು ತಟ್ಟಿಬಿಡುತ್ತಿತ್ತು, ಮುಟ್ಟುವ ಮೊದಲೇ. ಬೇರೆ ಮಕ್ಕಳು ರೇಗಿಸಿದರು. ನಾನು, ತಟ್ಟಲಿ ಬಿಡಿ, ಬಿಡುವುದು ನಿಮ್ಮ ಕೆಲಸ ಎಂದೆ. ಐದು ವಾರ ಹಾಗೇ ನಡೆಯಿತು. ಆರನೇ ವಾರ ಅವಳು ಮಣಿಕಟ್ಟು ಕೊಟ್ಟು ತಟ್ಟದೆ ಒಂದಷ್ಟು ಹೊತ್ತು ಕಾದಳು. ಅವಳ ಮನೆಯಲ್ಲೋ ದಾರಿಯಲ್ಲೋ ಏನಾಗಿದೆ ಎಂದು ಅವಳ ತಾಯಿಯೊಂದಿಗೆ ಮಾತಾಡಿದ್ದೇನೆ. ಆ ವಿಷಯ ಇಲ್ಲಿ ಬೇಡ.

ಚಿಕ್ಕ ಮಕ್ಕಳಿಗೆ ಕತ್ತಿನ ಪಟ್ಟು ನಾನು ಹೇಳಿಕೊಡುವುದಿಲ್ಲ, ಕಾಲು ತಿರುಚುವುದೂ ಇಲ್ಲ. ಅವರ ಕೀಲುಗಳು ಇನ್ನೂ ಬಲಿಯುತ್ತಿರುತ್ತವೆ, ನಿಲ್ಲಿಸುವ ಅಂದಾಜೂ ಇರುವುದಿಲ್ಲ. ಅವರಿಗೆ ಬೆಲ್ಟೂ ಬೇರೆ: ಬಿಳಿ, ಬೂದು, ಹಳದಿ, ಕಿತ್ತಳೆ, ಹಸಿರು. 16 ತುಂಬಿದ ಮೇಲೆ ನೀಲಿ. ಅಣ್ಣನವರು ಅಂದು ಬಾಗಿಲಲ್ಲಿ ನೋಡಿದ್ದು ಹೆಂಗಸರ ಬ್ಯಾಚನ್ನು. ಅಲ್ಲಿ ನಡೆಯುತ್ತಿದ್ದದ್ದು ಕತ್ತು ಹಿಡಿದವರಿಂದ ಬಿಡಿಸಿಕೊಳ್ಳುವ ಅಭ್ಯಾಸ. ಹೀಗೆಂದು ನಾನು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬಿಡಿಸಿಕೊಳ್ಳುವುದನ್ನು ಕಲಿಯಲು ಯಾರಾದರೂ ಸರಿಯಾಗಿ ಹಿಡಿಯಲೇಬೇಕು. ಹಿಡಿಯುವುದನ್ನೂ ನಾನು ಹೇಳಿಕೊಡುತ್ತೇನೆ. ಅದನ್ನು ಮುಚ್ಚಿಡುವುದಿಲ್ಲ.

ದೊಡ್ಡವರಿಗೆ ಕಲಿಸುವುದು ಬೇರೆಯೇ ಕಷ್ಟ. ನಮ್ಮ ಹೆಂಗಸರಿಗೆ ಶಕ್ತಿಗೆ ಕೊರತೆಯಿಲ್ಲ. ಗದ್ದೆಯಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಕಟ್ಟಡದ ಕೆಲಸದಲ್ಲಿ ಪಳಗಿದ ಕೈಗಳು. ನಾಲ್ಕು ಜನರ ಮುಂದೆ ಅಂಗಾತ ಮಲಗುವುದೇ ಅವರಿಗೆ ಆಗದ ಕೆಲಸ. ಮೊದಲ ದಿನ ಹನ್ನೊಂದು ಜನ ಬಂದವರು ಗೋಡೆಗೆ ಒರಗಿ ಕೂತು ಸೆರಗು ಸರಿಮಾಡಿಕೊಂಡದ್ದೇ ಆಯಿತು. ಮಕ್ಕಳು ಬಿದ್ದರೆ ಎದ್ದು ಮರೆಯುತ್ತಾರೆ. ದೊಡ್ಡವರು ಬೀಳುವ ಮೊದಲೇ ಹಿಂದೆ ಯಾವಾಗಲೋ ಬಿದ್ದದ್ದನ್ನೆಲ್ಲ ನೆನೆಯುತ್ತಾರೆ. ಹಿಡಿತ ಬಿಗಿ, ಉಸಿರು ಕಟ್ಟಿ, ಎರಡು ನಿಮಿಷಕ್ಕೆ ಸುಸ್ತು. "ಉಸಿರು ಬಿಡ್ರವ್ವಾ" ಎಂದು ನಾನು ಒಂದು ಗಂಟೆಯಲ್ಲಿ ನಲವತ್ತು ಸಲ ಹೇಳುತ್ತೇನೇನೋ. ಬೆಳಗಿನ ಆನಾಪಾನಕ್ಕೆ ಕೂರಲು ಮನಸ್ಸು ಬಾರದ ಇಬ್ಬರು, ಮೇಲೆ ಒಬ್ಬರು ಕೂತಾಗ ಉಸಿರನ್ನು ಗಮನಿಸುವುದು ಕಲಿತಿದ್ದಾರೆ. ಯಾವ ಬಾಗಿಲಿನಿಂದ ಬಂದರೂ ಸರಿಯೇ.

ಮ್ಯಾಟ್ ಒರೆಸುವ ವಿಷಯ. ಒರೆಸದಿದ್ದರೆ ಹುಳುಕಡ್ಡಿ ಹರಡುತ್ತದೆ, ಹಾಗಾಗಿ ಪ್ರತಿ ಕ್ಲಾಸಿಗೂ ಫಿನಾಯಿಲ್ ನೀರಿನಲ್ಲಿ ಒರೆಸಲೇಬೇಕು. ಮೊದಲ ವಾರ ಹೆಂಗಸರೇ ಎದ್ದು ಒರೆಸಲು ಹೋದರು, ಗಂಡುಮಕ್ಕಳು ಚಪ್ಪಲಿ ಹಾಕಿಕೊಂಡು ಹೊರಟರು. ಅಂದೇ ನಿಯಮ ಮಾಡಿದೆ: ಮೊದಲ ಬಟ್ಟೆ ಹಿಡಿಯುವವಳು ನಾನು, ಎರಡನೆಯದು ಹಾಲ್‌ನಲ್ಲಿರುವ ದೊಡ್ಡ ಹುಡುಗ. ನಮ್ಮವರ ಕೈಯಿಂದ ಪೊರಕೆ ಬಿಡಿಸಲು ಮೂರು ತಲೆಮಾರು ಹೋರಾಡಿದ್ದೇವೆ, ನೀವು ಮತ್ತೆ ಹಿಡಿಸುತ್ತೀರಾ ಎಂದು ಒಬ್ಬ ತಂದೆ ಫೋನಿನಲ್ಲಿ ಬೇಸರಪಟ್ಟರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಬಂದು ನೋಡಿ ಎಂದೆ. ಬಂದರು, ನೋಡಿದರು, ಏನೂ ಹೇಳದೆ ಹೋದರು. ಮಗನನ್ನು ಮಾತ್ರ ಕಳಿಸುತ್ತಿದ್ದಾರೆ.

ಈಗ ಮೊದಲನೇ ಶೀಲದ ಮಾತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ನಿಯಮಕ್ಕೂ ತತ್ವಕ್ಕೂ ಇರುವ ಭೇದ ತೋರಿಸುತ್ತಾರೆ. ಬುದ್ಧರು ಅಹಿಂಸೆಯನ್ನು ಕಣ್ಣುಮುಚ್ಚಿ ಪಾಲಿಸುವ ನಿಯಮವಾಗಿ ಕೊಡಲಿಲ್ಲ, ಯೋಚಿಸಿ ನಡೆಯಬೇಕಾದ ತತ್ವವಾಗಿ ಕೊಟ್ಟರು ಎಂಬುದು ಅವರ ವಿವರಣೆ. ಕೊಲ್ಲಬೇಕೆಂಬ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎಂದು ಅವರು ಬಿಡಿಸಿ ಹೇಳುತ್ತಾರೆ. ಆ ಇಬ್ಬರ ನಡುವಿನ ಗೆರೆ ಓದುವಾಗ ಸ್ಪಷ್ಟ. ಮ್ಯಾಟ್ ಮೇಲೆ ಅದು ಒಂದು ಉಸಿರಿನಷ್ಟು ಅಗಲ. ನನ್ನ ಪಟ್ಟಿನಲ್ಲಿ ತಪ್ಪಿರಲಿಲ್ಲ. ಟ್ಯಾಪ್ ಆದ ನಂತರದ ಆ ಒಂದು ಉಸಿರಿಗೆ ಯಾವ ಅಗತ್ಯವೂ ಇರಲಿಲ್ಲ, ಬರೀ ಇಚ್ಛೆ ಇತ್ತು. ಅವರು ಕೇಳಿದ ಪ್ರಶ್ನೆ ಹಿಂಸೆಯೇ, ಅದನ್ನು ನಾನು ಈಗಲೂ ಸಣ್ಣದು ಎನ್ನುವುದಿಲ್ಲ. ಅದಕ್ಕೆ ಉತ್ತರ ಬಾಯಲ್ಲಿ ಕೊಡಬೇಕಿತ್ತು. ನಾನು ಅವರ ಮೊಣಕೈಗೆ ಕೊಟ್ಟೆ.

1927ರ ಮಾರ್ಚ್ 20ರಂದು ಮಹಾಡಿನಲ್ಲಿ ಚವದಾರ್ ಕೆರೆಯ ನೀರು ಕುಡಿದು ಬಂದು ಊಟಕ್ಕೆ ಕೂತಿದ್ದ ನಮ್ಮ ಜನರ ಮೇಲೆ ದೊಣ್ಣೆ ಹಿಡಿದು ಬಿದ್ದರು. ತಿರುಗಿ ಹೊಡೆಯಬಲ್ಲವರು ನಮ್ಮ ಕಡೆ ಕಡಿಮೆ ಇರಲಿಲ್ಲ, ಸೈನ್ಯದಲ್ಲಿದ್ದು ಬಂದವರೂ ಇದ್ದರು. ಬಾಬಾಸಾಹೇಬರು ತಡೆದರು. ಕೈಲಾಗದವರನ್ನು ತಡೆಯಬೇಕಾದ ಪ್ರಮೇಯ ಬರುವುದಿಲ್ಲ. ಮುಂದೆ ಸಮತಾ ಸೈನಿಕ ದಳದ ಹುಡುಗರು ಕವಾಯತು ಮಾಡುತ್ತಾ ಸಭೆಗಳನ್ನು ಕಾದದ್ದನ್ನೂ ಇದರ ಜೊತೆಯೇ ಓದಬೇಕು ಎಂದು ನನಗನ್ನಿಸುತ್ತದೆ. ಬಳಗದಲ್ಲಿ ಇದನ್ನು ಒಪ್ಪದವರಿದ್ದಾರೆ, ಭಾನುವಾರ ಮಾತಾಡೋಣ.

ಸೇದಕ ಸುತ್ತಕ್ಕೆ ಮರಳುತ್ತೇನೆ. ಮಕ್ಕಳ ಬ್ಯಾಚಿಗೆ ಹೋಗುವ ಮೊದಲು ಕೇಳಿದ್ದರೆ ನಾನು ಗುರುವಿನ ಪಕ್ಷ ವಹಿಸುತ್ತಿದ್ದೆ. ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ. ಕೇಳಲು ಎಷ್ಟು ಚೆನ್ನಾಗಿದೆ, ಸಂಘ ಎಂದರೆ ಇದೇ ಅಲ್ಲವೇ ಎಂದು. ಈಗ ಅದರ ತೊಡಕು ಕಾಣುತ್ತದೆ. ಹೆಗಲ ಮೇಲೆ ನಿಂತವನು ಕೆಳಗಿರುವವನನ್ನೇ ನೋಡುತ್ತಾ ನಿಂತರೆ ತನ್ನ ಪಾದ ಅಲುಗುವುದು ಅವನಿಗೆ ತಿಳಿಯುವುದಿಲ್ಲ. ಅಂದು ನಾನು ಎದುರಿನವರ ಜಾತಿ, ಅವರ ನಗು, ಅವರ 'ಓ' ಎಲ್ಲವನ್ನೂ ನೋಡುತ್ತಿದ್ದೆ. ನನ್ನ ಹೊಟ್ಟೆಯಿಂದ ಕತ್ತಿನವರೆಗೆ ಏರುತ್ತಿದ್ದ ಬಿಸಿಯನ್ನು ನೋಡಲಿಲ್ಲ. ಅದನ್ನು ನೋಡಿಕೊಂಡಿದ್ದರೆ ಅವರ ಕೈ ಉಳಿಯುತ್ತಿತ್ತು. ಶಿಷ್ಯ ಹೇಳಿದ್ದು ಸ್ವಾರ್ಥದ ಮಾತಲ್ಲ ಎಂದು ನನಗೆ ತಿಳಿಯಲು ಇನ್ನೊಬ್ಬರ ಮೊಣಕೈ ಬೇಕಾಯಿತು.

ಅವರು ಜೋಲಿ ಬಿಚ್ಚಿ ಮರಳಿ ಬಂದ ದಿನ ನಾನೇ ಹೋಗಿ, "ಅವತ್ತು ನೀವು ತಟ್ಟಿದ್ದು ನನಗೆ ಗೊತ್ತಾಗಿತ್ತು" ಎಂದೆ. ಬಹಳ ಹೊತ್ತು ಸುಮ್ಮನಿದ್ದರು. "ನಾನು ಕೇಳಿದ್ದಕ್ಕಾ ಮೇಡಂ?" ಎಂದರು. "ಹೌದು" ಎಂದೆ. ತಲೆಯಾಡಿಸಿ ಬೆಲ್ಟ್ ಕಟ್ಟಿಕೊಂಡರು. ಆಮೇಲೆ ಅವರು ನನ್ನ ಜೊತೆ ಅಭ್ಯಾಸಕ್ಕೆ ನಿಲ್ಲಲಿಲ್ಲ, ನಾನೂ ಕರೆಯಲಿಲ್ಲ. ಎದುರಾದರೆ ನಮಸ್ಕಾರ ಇದೆ. ನಾವಿಬ್ಬರೂ ಸ್ನೇಹಿತರಾದೆವು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಾಲ್ಕನೇ ಶೀಲ ಮುರಿಯುತ್ತದೆ. ಒಂದು ತಿಂಗಳ ಶಿಕ್ಷೆ ಮುಗಿದ ಮೇಲೂ ನಾನು ಮಕ್ಕಳ ಬ್ಯಾಚು ಬಿಡಲಿಲ್ಲ. ಹೋದ ವರ್ಷ ನೇರಳೆ ಬೆಲ್ಟ್ ಬಂತು. ವಿಹಾರದಲ್ಲಿ ಕ್ಲಾಸು ಶುರುಮಾಡಲು ಕೋಚ್ ಒಪ್ಪಿದ್ದು, ತಿಂಗಳಿಗೊಮ್ಮೆ ಬಂದು ತಾನೇ ನೋಡುತ್ತೇನೆ ಎಂಬ ಕರಾರಿನ ಮೇಲೆ.

ಅಣ್ಣನವರಿಗೆ ನಿನ್ನೆ ಇದರ ಕರಡು ಓದಿ ಹೇಳಿದೆ. ಪೂರ್ತಿ ಕೇಳಿ, "ಎಲ್ಲಾ ಸರಿ ಕಣವ್ವಾ, ಆದ್ರೂ ವಿಹಾರದ ಒಳಗೆ ಬೇಕಾ?" ಎಂದರು. ಏಶೋಜಿಯ ಕಥೆ ಮತ್ತೆ ಹೇಳಿದೆ. "ಅದು ಅವರ ದೇಶ" ಎಂದರು. ಮಳೆಗಾಲ ಮುಗಿಯುವ ತನಕ ಹಿಂದಿನ ಹಾಲ್‌ನಲ್ಲೇ ನಡೆಯಲಿ, ವಂದನೆಯ ಹೊತ್ತಿಗೆ ಸದ್ದು ಬೇಡ ಎಂದು ಸದ್ಯಕ್ಕೆ ಒಪ್ಪಂದವಾಗಿದೆ. ಅವರ ಮೊಮ್ಮಗಳ ವಯಸ್ಸೆಷ್ಟು ಎಂದು ಕೇಳಿದೆ. ಒಂಬತ್ತು ಎಂದರು. ಇನ್ನೇನೂ ಹೇಳಲಿಲ್ಲ.

ಈ ಭಾನುವಾರ ಮಕ್ಕಳ ಕ್ಲಾಸು ಬೆಳಿಗ್ಗೆ 7ಕ್ಕೆ, ದೊಡ್ಡವರದು 8ಕ್ಕೆ. ವಂದನೆ ಎಂದಿನಂತೆ 9.30ಕ್ಕೆ. ಮಕ್ಕಳ ಕೈಕಾಲಿನ ಉಗುರು ಶನಿವಾರ ರಾತ್ರಿಯೇ ಕತ್ತರಿಸಿ ಕಳಿಸಿ. ಬಳೆ, ಓಲೆ, ಸೊಂಟದ ದಾರ ಬಿಚ್ಚಿಸಿ. ಹಳೆಯ ಟವೆಲ್ ಇದ್ದರೆ ಒಂದು ತನ್ನಿ, ಒರೆಸುವ ಬಟ್ಟೆ ಸಾಲುತ್ತಿಲ್ಲ.

ಜೈಭೀಮ್. ನಮೋ ಬುದ್ಧಾಯ.